ಅತ್ತೆ ಈ ದಡ, ಅಳಿಯ ಆ ದಡ

ಸ್ಯೋಕಾವುಗೆ ಸೇತುವೆ ಕಾಯುವ ಕೆಲಸ ಸಿಕ್ಕಿದ್ದು ಅವಳ ಯೋಗ್ಯತೆ ನೋಡಿ ಅಲ್ಲ, ಅವಳ ಮನೆ ಇದ್ದ ಜಾಗ ನೋಡಿ. ಕಿಸ್ಯೋನಿ ಹೊಳೆಯ ಈ ದಡದಲ್ಲಿ ಸೇತುವೆಗೆ ಎಲ್ಲಕ್ಕಿಂತ ಹತ್ತಿರದ ಮನೆ ಅವಳದು. ಆ ದಡದಲ್ಲಿ ಎಲ್ಲಕ್ಕಿಂತ ಹತ್ತಿರದ ಮನೆ ಮುಸೆಂಬಿಯದು. ಮುಸೆಂಬಿ ಅವಳ ಅಳಿಯ. ಅವನನ್ನು ಅಳಿಯನನ್ನಾಗಿ ಮಾಡಿದ ಮಗಳು ಕಸಿವಾ ತೀರಿಕೊಂಡು ಎರಡು ವರ್ಷ ಕಳೆದಿತ್ತು. ಸಂಬಂಧ ಮಾತ್ರ ಉಳಿದಿತ್ತು, ದನ ಸತ್ತ ಮೇಲೂ ದೊಡ್ಡಿಯ ಮುಳ್ಳುಬೇಲಿ ಉಳಿಯುವ ಹಾಗೆ.

ಆ ವರ್ಷದ ಮಳೆಗೆ ಹೊಳೆ ಉಕ್ಕಿ ಬಂದು, ಎಲ್ಲಿಂದಲೋ ಬುಡಮೇಲಾದ ಒಂದು ಹುಣಿಸೆ ಮರವನ್ನು ಹೊತ್ತು ತಂದು ಸೇತುವೆಯ ನಡುಗಂಬಕ್ಕೆ ಅಪ್ಪಳಿಸಿತು. ಸೇತುವೆ ಬೀಳಲಿಲ್ಲ. ಬಿದ್ದುಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು, ಸತ್ತವರಿಗೆ ಮಣ್ಣು ಮಾಡುವುದಾದರೂ ಸುಲಭ. ಅದು ನಡುವಿನಲ್ಲಿ ಕುಸಿದು, ಒಂದು ಪಕ್ಕಕ್ಕೆ ವಾಲಿ, ಒಂದು ಕಡೆಯ ಕಂಬಿಯನ್ನು ಹೊಳೆಗೆ ಕೊಟ್ಟು, ಹಾಸಿಗೆ ಹಿಡಿದ ಯಜಮಾನನಂತೆ ಅತ್ತ ಸಾಯದೆ ಇತ್ತ ಏಳದೆ ಉಳಿಯಿತು.

ಆ ಸೇತುವೆಯನ್ನು ಕಟ್ಟಿದ್ದು ನೈರೋಬಿಯ ಸರಕಾರ, ಕೌಂಟಿಗಳು ಇನ್ನೂ ಹುಟ್ಟಿರದ ಕಾಲದಲ್ಲಿ. ಆಮೇಲೆ ಹೊಸ ಸಂವಿಧಾನ ಬಂತು, ಜಿಲ್ಲೆಯಂಥ ಕೌಂಟಿಗಳಾದವು, ಕೌಂಟಿಗೊಂದು ಸರಕಾರವಾಯಿತು, ಮನೆ ಪಾಲಾಯಿತು. ಅಣ್ಣತಮ್ಮಂದಿರು ಪಾಲಾಗುವಾಗ ಹೊಲ ಹಂಚಿಕೊಂಡು, ದನ ಹಂಚಿಕೊಂಡು, ಮುದಿ ನಾಯಿಯನ್ನು ಮಾತ್ರ ಅಂಗಳದಲ್ಲಿ ಬಿಟ್ಟುಬಿಡುತ್ತಾರಲ್ಲ, ಕಿಸ್ಯೋನಿ ಸೇತುವೆಯ ಗತಿಯೂ ಅದೇ ಆಯಿತು. ಎರಡೂ ಕಡೆಯ ರಸ್ತೆ ಕೌಂಟಿಗೆ ಹೋಯಿತು. ಸೇತುವೆ ಯಾರದೆಂದು ಗಟ್ಟಿಯಾಗಿದ್ದಾಗ ಯಾರೂ ಕೇಳಲಿಲ್ಲ. ಕುಸಿದ ಮೇಲೆ ಎಲ್ಲರೂ ಕೇಳತೊಡಗಿದರು.

ಊರಿನ ಚೀಫ್ ಸಭೆ ಕರೆದ. ಜಾಲಿ ಮರದ ಕೆಳಗೆ ಊರೆಲ್ಲ ಕೂತಿತು. ನೈರೋಬಿಯಿಂದ ಒಬ್ಬ ಎಂಜಿನಿಯರ್ ಬಂದ, ಕೌಂಟಿಯಿಂದ ಇನ್ನೊಬ್ಬ. ಇಬ್ಬರಿಗೂ ಒಂದೇ ತರಹದ ಹೊಟ್ಟೆ, ಒಂದೇ ತರಹದ ಬೂಟು.

"ಸೇತುವೆ ನಮ್ಮದೇ, ಇಲ್ಲ ಅಂದೋರು ಯಾರು?" ಅಂದ ನೈರೋಬಿಯವನು. "ಆದ್ರೆ ರಸ್ತೆ ಇವರದು. ರಸ್ತೇನ ನಮಗೆ ವಾಪಸ್ ಬರೆದುಕೊಡ್ಲಿ, ನಾಳೇನೇ ಕೆಲಸ ಶುರು."

"ರಸ್ತೆ ಯಾಕೆ ಕೊಡ್ಬೇಕು?" ಅಂದ ಕೌಂಟಿಯವನು. "ಸೇತುವೇನ ಸರಿಮಾಡಿ ನಮ್ಮ ಕೈಗೆ ಕೊಡ್ಲಿ, ಆಮೇಲೆ ನಾವು ನೋಡ್ಕೋತೀವಿ. ಕಾಲು ಮುರಿದ ಕತ್ತೇನ ಯಾರಾದ್ರೂ ಉಡುಗೊರೆ ತಗೋತಾರಾ?"

ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೋಲೂರಿ ಎದ್ದ. "ಸ್ವಾಮಿ, ನೀವಿಬ್ರೂ ಜಗಳ ಆಡ್ತಾ ಇರಿ, ಪರವಾಗಿಲ್ಲ. ನಾವು ಮ್ವೆಥ್ಯ ಕಟ್ಟಿಕೊಂಡು, ಮನೆಗೊಬ್ರು ಬಂದು, ಕಲ್ಲು ಹೊತ್ತು, ಕಂಬಕ್ಕೆ ಒತ್ತು ಕೊಡ್ತೀವಿ. ಶಾಲೆ ಕಟ್ಟಿದ್ದು ಹಾಗೇ, ಕೆರೆ ತೋಡಿದ್ದೂ ಹಾಗೇ."

"ಮುಟ್ಟಬೇಡಿ!" ಅಂದರು ಇಬ್ಬರೂ ಒಟ್ಟಿಗೆ. "ಅದು ಸರಕಾರದ ಆಸ್ತಿ."

"ಯಾವ ಸರಕಾರದ್ದು?" ಅಂದ ಮುದುಕ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕು ಏನು ಬಂತು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಕೊನೆಗೆ ಎರಡು ಸರಕಾರಗಳೂ ಒಪ್ಪಿದ್ದು ಒಂದೇ ಮಾತಿಗೆ: ರಿಪೇರಿ ಆಗುವವರೆಗೆ ಸೇತುವೆ ಬಂದ್, ಯಾರೂ ದಾಟಕೂಡದು, ಆಚೆ ತುದಿಗೆ ನೈರೋಬಿಯ ಕಾವಲು, ಈಚೆ ತುದಿಗೆ ಕೌಂಟಿಯ ಕಾವಲು. ಹತ್ತಿರದ ಮನೆಯವರ ಹೆಸರು ಹೇಳೆಂದು ಚೀಫನನ್ನು ಕೇಳಿದರು. ಅವನು ಹೇಳಿದ. ಹೇಳಿ ಮುಗಿಸಿದ ಮೇಲೆ ಅವನಿಗೇ ಹೊಳೆದು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಹೆಂಗಸರ ಸಾಲಿನಲ್ಲಿ ಕಿಸಿಕಿಸಿ ಶುರುವಾಗಿತ್ತು.

"ಅಯ್ಯೋ, ಅತ್ತೆ ಅಳಿಯನ್ನ ಎದುರುಬದುರು ಕೂರಿಸ್ತಾರಂತೆ!"

ನಗುವುದಕ್ಕೆ ಕಾರಣವಿತ್ತು. ಅಕಾಂಬಾ ಜನರಲ್ಲಿ ಅತ್ತೆಗೂ ಅಳಿಯನಿಗೂ ನಡುವೆ ನ್ಥೋನಿ ಇರುತ್ತದೆ. ನಾಚಿಕೆ ಅಂದರೂ ಅದೇ, ಮರ್ಯಾದೆ ಅಂದರೂ ಅದೇ. ಅಳಿಯ ದಾರಿಯಲ್ಲಿ ಎದುರಾದರೆ ಅತ್ತೆ ಪೊದೆಯ ಮರೆಗೆ ಸರಿಯಬೇಕು. ಅಳಿಯ ಅತ್ತೆಯ ಮುಖ ನೋಡಕೂಡದು, ಹೆಸರು ಹಿಡಿದು ಕರೆಯಕೂಡದು, ಅವಳ ಅಂಗಳಕ್ಕೆ ಕಾಲಿಡಕೂಡದು. ಮಾತಿದ್ದರೆ ನಡುವೆ ಇನ್ನೊಬ್ಬರ ಬಾಯಿ ಬೇಕು. ಅಳಿಯ ಒಂದು ಮೇಕೆ, ಒಂದು ಕಂಬಳಿ ಒಪ್ಪಿಸಿ, ಎರಡೂ ಮನೆಯವರು ಕೂತು ಉಂಡ ಮೇಲೆ ಅದು ಬಿಡುಗಡೆಯಾಗುತ್ತದೆ. ಮುಸೆಂಬಿ ತೊಗರಿ ಸುಗ್ಗಿ ಮುಗಿಯಲಿ ಅನ್ನುತ್ತ, ಮುಂದಿನ ಸುಗ್ಗಿ ಅನ್ನುತ್ತ ಮುಂದಕ್ಕೆ ಹಾಕಿದ. ಅಷ್ಟರಲ್ಲಿ ಕಸಿವಾ ಹೋದಳು. ಹೆಂಡತಿಯೇ ಇಲ್ಲದ ಮೇಲೆ ಮೇಕೆ ತರುವುದು ಹೇಗೆ, ತಂದರೆ ತೆಗೆದುಕೊಳ್ಳುವುದು ಹೇಗೆ? ಇದಕ್ಕೆ ಹಿರಿಯರ ಬಳಿಯೂ ಉತ್ತರ ಇರಲಿಲ್ಲ.

ಈಗಿನ ಹುಡುಗರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ. ಅತ್ತೆಯ ಜೊತೆ ಒಂದೇ ಮಟಾಟು ವ್ಯಾನಿನಲ್ಲಿ ಕೂತು ಪೇಟೆಗೆ ಹೋಗುತ್ತಾರೆ. ಪಾದ್ರಿಯೂ ಸ್ಯೋಕಾವುಗೆ ಎಷ್ಟೋ ಸಲ ಹೇಳಿದ್ದ, ದೇವರ ಮುಂದೆ ಅತ್ತೆಯೂ ಇಲ್ಲ ಅಳಿಯನೂ ಇಲ್ಲ ಎಂದು. ಅವಳು ಹೂಂಗುಟ್ಟಿ, ಇಗರ್ಜಿಯಲ್ಲಿ ಮುಸೆಂಬಿ ಕಾಣದ ಮೂಲೆ ಹುಡುಕಿ ಕೂರುತ್ತಿದ್ದಳು. ಗಂಡ ಸತ್ತು, ಮಗಳು ಸತ್ತು, ಕೈಯಲ್ಲಿ ಉಳಿದದ್ದು ನಾಲ್ಕು ಜನ ಮೆಚ್ಚುವ ನಡತೆಯೊಂದೇ. ಅದನ್ನೂ ಬಿಟ್ಟರೆ ತನ್ನದು ಅನ್ನಲು ಏನಿದೆ ಎನ್ನುವುದು ಅವಳ ಲೆಕ್ಕ.

ಹಾಗಿದ್ದರೆ ಕಾವಲಿನ ಕೆಲಸ ಒಲ್ಲೆ ಅನ್ನಬಹುದಿತ್ತಲ್ಲ? ಎಲ್ಲರೂ ಅವಳು ಒಲ್ಲೆ ಅನ್ನುತ್ತಾಳೆಂದೇ ಕಾದರು. ಅವಳು "ಆಗಲಿ" ಅಂದುಬಿಟ್ಟಳು. ಊರು ಬೆರಗಾಯಿತು. ಯಾಕೆಂದು ಅವಳು ಯಾರಿಗೂ ಹೇಳಲಿಲ್ಲ.

ಕಾರಣ ಇಷ್ಟು. ಕಸಿವಾ ಬಸುರಿಯಾಗಿದ್ದಳು. ಸಂತೆಯ ದಿನ ಸಂಜೆ ರಕ್ತ ಹೋಗತೊಡಗಿ, ಗಾಡಿ ಬರುವಷ್ಟರಲ್ಲಿ ಜೀವ ಹೋಯಿತು ಎಂದು ಮರುದಿನ ಹೆಂಗಸರು ಬಂದು ಸ್ಯೋಕಾವುಗೆ ಹೇಳಿದರು. ಅಷ್ಟೇ. ಆಗ ಸೇತುವೆ ಗಟ್ಟಿಯಾಗಿತ್ತು, ಕೂಗಿದರೆ ಕೇಳಿಸುವಷ್ಟು ಹತ್ತಿರ ತಾಯಿ ಇದ್ದಳು. ಮಗಳು ಅವ್ವಾ ಅಂದಳೋ ಇಲ್ಲವೋ? ಅಂದಿದ್ದರೆ ತನ್ನನ್ನು ಯಾಕೆ ಕರೆಯಲಿಲ್ಲ? ಅನ್ನಲೇ ಇಲ್ಲವಾದರೆ, ಸಾಯುವಾಗಲೂ ತಾಯಿ ನೆನಪಾಗದಂಥ ಏನು ತಪ್ಪು ತನ್ನಿಂದ ಆಗಿತ್ತು? ಇದನ್ನು ಹೇಳಬಲ್ಲವನು ಭೂಮಿಯ ಮೇಲೆ ಒಬ್ಬನೇ. ಅವನ ಜೊತೆ ಮಾತಾಡುವಂತಿಲ್ಲ. ಇನ್ನೊಬ್ಬರ ಬಾಯಲ್ಲಿ ಕೇಳಿಸೋಣವೆಂದರೆ ಕೇಳಿಸುವಂಥ ಮಾತೇ ಅದು? ಎರಡು ವರ್ಷ ಆ ಪ್ರಶ್ನೆ ಅವಳ ಜೊತೆ ಒಲೆಯ ಮುಂದೆ ಕೂತು ಮೆಕ್ಕೆಜೋಳದ ಮುಥೋಕೋಯಿ ಉಂಡಿತು, ಅವಳ ಪಕ್ಕದಲ್ಲೇ ಮಲಗಿತು. ಅವನು ಆಚೆ ತುದಿಗೆ, ತಾನು ಈಚೆ ತುದಿಗೆ ದಿನಾ ಕೂತರೆ ಹೇಗೋ ಏನೋ ಆದೀತು ಎಂಬ ಆಸೆ ಅವಳದು. ಏನಾದೀತೆಂದು ಅವಳಿಗೂ ಗೊತ್ತಿರಲಿಲ್ಲ.

ಕೌಂಟಿಯವರು ಅವಳಿಗೆ ಒಂದು ಹಳದಿ ಅಂಗಿಯನ್ನೂ ಒಂದು ಸೀಟಿಯನ್ನೂ ಕೊಟ್ಟರು. ನೈರೋಬಿಯವರು ಮುಸೆಂಬಿಗೆ ಹಸಿರು ಅಂಗಿಯನ್ನೂ ಒಂದು ಕೆಂಪು ಬಾವುಟವನ್ನೂ ಕೊಟ್ಟರು. ಎರಡೂ ತುದಿಗೆ ಕಲ್ಲು ತುಂಬಿದ ಡ್ರಮ್ಮುಗಳನ್ನು ಇಟ್ಟು, ನಡುವೆ ಜಾಲಿಮುಳ್ಳಿನ ಕೊಂಬೆ ಎಳೆದರು. ಎಂಜಿನಿಯರರು ತಮ್ಮ ತಮ್ಮ ಗಾಡಿ ಹತ್ತಿ ಹೋದರು. ಅವರ ಮುಖ ಮತ್ತೆ ಕಾಣಲಿಲ್ಲ.

ಸ್ಯೋಕಾವು ಬೆಳಿಗ್ಗೆ ಬಂದು, ಗಿಡ್ಡ ಮಣೆ ಹಾಕಿಕೊಂಡು, ಸೇತುವೆಗೆ ಬೆನ್ನು ಕೊಟ್ಟು ರಸ್ತೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ತೊಡೆಯ ಮೇಲೆ ಕತ್ತಾಳೆ ನಾರು ಹೊಸೆದು ಕ್ಯೊಂಡೊ ಬುಟ್ಟಿ ಹೆಣೆಯುತ್ತಿದ್ದಳು. ಆಚೆ ತುದಿಯಲ್ಲಿ ಮುಸೆಂಬಿಯೂ ಸೇತುವೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಜನ ಬರುವುದು ರಸ್ತೆಯಿಂದ ತಾನೇ, ರಸ್ತೆ ನೋಡಿದರೆ ಸಾಲದೇ? ಹೀಗೆ ಎರಡು ಸರಕಾರಗಳು ಕಾವಲಿಟ್ಟ ಆ ಸೇತುವೆಯ ಮೇಲೆ ಯಾರ ಕಣ್ಣೂ ಇರಲಿಲ್ಲ.

ಸೇತುವೆ ಬಂದ್ ಆದದ್ದರಿಂದ ಊರಿನಲ್ಲಿ ಉದ್ಧಾರವಾದವನು ಬಾಡಿಗೆಗೆ ಜನರನ್ನು ಹೊರುವ ಬೋಡಾ ಬೈಕಿನ ಕ್ಯಾಲೋ ಒಬ್ಬನೇ. ಕೆಳಗಿನ ದೂರದ ಸೇತುವೆಯನ್ನು ಸುತ್ತಿಕೊಂಡು ಆಚೆ ದಡಕ್ಕೆ ಹೋಗಲು ಅರ್ಧ ದಿನ ಹಿಡಿಯುತ್ತಿತ್ತು, ಎಲ್ಲರೂ ಅವನ ಬೆನ್ನು ಹಿಡಿಯಬೇಕಿತ್ತು. ಬಂದಾಗಲೆಲ್ಲ ಅವನು ಸ್ಯೋಕಾವುವನ್ನು ಸುಸೂ, ಅಂದರೆ ಅಜ್ಜಿ, ಎಂದು ಕರೆದು ಕೆಣಕದೆ ಹೋಗುತ್ತಿರಲಿಲ್ಲ.

"ಏನ್ ಸುಸೂ, ಬೆನ್ನಲ್ಲಿ ಕಣ್ಣಿದೆಯಾ ನಿನಗೆ?"

"ಇದೆ ಕಣೋ. ನೀನು ನಿನ್ನೆ ಸಾರಾಯಿ ಅಂಗಡಿಯಿಂದ ಬಿದ್ದುಕೊಂಡು ಬಂದಿದ್ದನ್ನೂ ಅದೇ ಕಣ್ಣಲ್ಲಿ ನೋಡಿದೆ."

"ಅಳಿಯಂದಿರು ಅಲ್ಲಿ ಕೂತು ಒಬ್ಬರೇ ಒಣಗಿ ಹೋಗ್ತಿದಾರೆ. ಏನಾದ್ರೂ ಹೇಳಿ ಕಳಿಸ್ತೀಯಾ?"

ಅವಳ ಕೈಯ ನಾರು ಒಂದು ಗಳಿಗೆ ನಿಲ್ಲುತ್ತಿತ್ತು. "ನಿನ್ನ ಕೆಲಸ ನೀನು ನೋಡು, ಹೋಗು" ಅನ್ನುತ್ತಿದ್ದಳು.

ಕ್ಯಾಲೋ ಹೋದ ಮೇಲೆ ಮತ್ತೆ ಹೊಳೆಯ ಸದ್ದು. ಮೊದಲು ಆ ದಾರಿಯಲ್ಲಿ ಎಷ್ಟು ಜನ! ಹಾಲಿನವರು, ಶಾಲೆಯ ಮಕ್ಕಳು, ಸಂತೆಗೆ ಕೋಳಿ ಹೊತ್ತವರು, ಎಲ್ಲರೂ ಅವಳ ಅಂಗಳದ ಮುಂದೆ ಒಂದು ಮಾತು ಉದುರಿಸಿ ಹೋಗುತ್ತಿದ್ದರು. ಶುಕ್ರವಾರ ಸಂಜೆಯಾದರೆ ಮೊಮ್ಮಗಳು ನ್ದುಂಗೆ, ಕಸಿವಾಳ ಒಬ್ಬಳೇ ಮಗಳು, ಆಚೆಯಿಂದ ಓಡಿ ಬಂದು ಅಜ್ಜಿಯ ಗೂಡಿನಲ್ಲಿ ಮಲಗುತ್ತಿದ್ದಳು. ಈಗ ಅದೂ ನಿಂತಿತ್ತು. ಬರುವವರನ್ನು ಹಿಂದಕ್ಕೆ ಅಟ್ಟುವುದೇ ಸ್ಯೋಕಾವುವಿನ ಕೆಲಸವಾಗಿತ್ತು. ಅಟ್ಟಿಸಿಕೊಂಡವರು ಮತ್ತೆ ಬರಲಿಲ್ಲ. ಮನೆಯಲ್ಲಿ ಒಂಟಿ, ಸೇತುವೆಯ ಬಳಿಯೂ ಒಂಟಿ. ಇದ್ದ ಒಬ್ಬ ನೆಂಟ ಬೆನ್ನ ಹಿಂದೆ.

ಆಗಾಗ ಅವನ ಕೆಮ್ಮು ಕೇಳಿಸುತ್ತಿತ್ತು. ಮಧ್ಯಾಹ್ನ ಅವನು ಉಗಾಲಿ ಮುದ್ದೆ ಬೇಯಿಸುವ ಹೊಗೆ ಗಾಳಿ ತಿರುಗಿದಾಗ ಈಚೆಗೂ ಬರುತ್ತಿತ್ತು. ಸೊಪ್ಪಿಗೆ ಈರುಳ್ಳಿ ಸೀದುಹೋದದ್ದು ಅವಳ ಮೂಗಿಗೆ ತಿಳಿಯುತ್ತಿತ್ತು. ಈ ಗಂಡಸಿಗೆ ಇನ್ನೂ ಅಡುಗೆ ಕೈಹತ್ತಿಲ್ಲ, ಮಗು ಏನು ತಿನ್ನುತ್ತದೋ ಅಂದುಕೊಳ್ಳುತ್ತಿದ್ದಳು. ಎಷ್ಟೋ ಸಲ ಆ ಪ್ರಶ್ನೆ ಕೇಳಿಬಿಡೋಣ ಅನ್ನಿಸಿತು. ಹೊಳೆಯ ಮೇಲೆ ಕೂಗಿಬಿಟ್ಟರೆ? ಬೆನ್ನು ತಿರುಗಿಸದೆ, ಗಾಳಿಗೆ ಹೇಳಿದ ಹಾಗೆ? ಬಾಯಿ ತೆರೆದವಳು ಮತ್ತೆ ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು.

ಹೀಗೇ ಇರುವಾಗ ಒಂದು ಮಧ್ಯಾಹ್ನ ಕ್ಯಾಲೋ ಬೈಕು ನಿಲ್ಲಿಸಿ, ಎಂದಿನ ಹಾಗೆ ಕೆಣಕಲು ಬಾಯಿ ತೆರೆದವನು ತೆರೆದಂತೆಯೇ ನಿಂತ. ಅವನು ಅವಳ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ.

"ಸುಸೂ! ಸೇತುವೆ ಮೇಲೆ ಮಗು!"

ಸ್ಯೋಕಾವು ತಿರುಗಿದಳು. ಕುಸಿದ ನಡುಭಾಗದಲ್ಲಿ, ಕಂಬಿ ಇಲ್ಲದ ಕಡೆ, ಶಾಲೆಯ ನೀಲಿ ಲಂಗದ ನ್ದುಂಗೆ ಎರಡೂ ಕೈ ನೆಲಕ್ಕೂರಿ ಕೂತಿದ್ದಳು. ಮೇಕೆಗಳು ನೀರಿಗಿಳಿಯುವ ಹಾದಿಯಲ್ಲಿ ಬಂದು, ಅಪ್ಪನ ಬೆನ್ನ ಹಿಂದೆಯೇ ಮುಳ್ಳಿನ ಕೆಳಗೆ ನುಸುಳಿ, ಅಜ್ಜಿಯ ಬೆನ್ನು ನೋಡಿಕೊಂಡು ನಡೆದು ಬಂದಿದ್ದಳು. ನಡುವೆ ಬಂದಾಗ ಕಾಲ ಕೆಳಗಿನ ಹಾಸು ಅಲುಗಿತ್ತು. ಈಗ ಮುಂದಕ್ಕೂ ಆಗದು, ಹಿಂದಕ್ಕೂ ಆಗದು. ಕೆಳಗೆ ಕೆಂಪು ನೀರು, ನೀರಿನಲ್ಲಿ ಮೊಸಳೆ.

ಸ್ಯೋಕಾವು ಸೀಟಿ ಊದಿದಳು. ಯಾಕೆ ಊದಿದಳೆಂದು ಕೇಳಬೇಡಿ, ಕೌಂಟಿ ಕಲಿಸಿದ್ದು ಅದೊಂದೇ. ಆಚೆ ತುದಿಯಲ್ಲಿ ಮುಸೆಂಬಿ ಎದ್ದು ತಿರುಗಿದ. ಮುಳ್ಳು ಸರಿಸಲೂ ಇಬ್ಬರಿಗೂ ತಾಳ್ಮೆ ಇರಲಿಲ್ಲ. ಅವಳು ಈಚೆಯಿಂದ ಓಡಿದಳು, ಅವನು ಆಚೆಯಿಂದ ಓಡಿದ. ಒಂದೇ ಸಲ ಬಂದು ಮುಟ್ಟಿದರು. ಮಗುವಿನ ಒಂದು ಕೈ ಅವಳು ಹಿಡಿದಳು, ಇನ್ನೊಂದು ಅವನು ಹಿಡಿದ. ಅವಳು ಈ ದಡಕ್ಕೆ ಎಳೆದಳು, ಅವನು ಆ ದಡಕ್ಕೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಮಗು ಕಿರುಚಿಕೊಂಡಿತು.

"ಅವ್ವಾ, ಈ ಕಡೆ!" ಅಂದ ಮುಸೆಂಬಿ. "ನಿಮ್ಮ ಕಡೆ ಬಿರುಕು ಬಿಟ್ಟಿದೆ, ಭಾರ ತಡೆಯಲ್ಲ. ಈ ಕಡೆ ಬನ್ನಿ!"

ಮದುವೆಯಾದಂದಿನಿಂದ ಅವನು ಅವಳಿಗೆ ಹೇಳಿದ ಮೊದಲ ಮಾತು ಅದು. ಅವಳು ಬಂದಳು. ಮೂವರೂ ವಾಲಿದ ಹಾಸನ್ನು ತೆವಳಿಕೊಂಡು ದಾಟಿ, ಆಚೆ ಅರ್ಧದ ಗಟ್ಟಿ ನೆಲದ ಮೇಲೆ ಬಂದು ನಿಂತರು. ಮಗು ಅಜ್ಜಿಯ ಸೊಂಟ ತಬ್ಬಿಕೊಂಡಿತು.

"ಸುಸೂ ಹತ್ರ ಮಲಗೋಕೆ ಬರ್ತಿದ್ದೆ" ಅಂದಿತು, ಬೈಯಬೇಡಿ ಅನ್ನುವ ದನಿಯಲ್ಲಿ.

ಸ್ಯೋಕಾವು ಅದರ ತಲೆ ಸವರಿದಳು. ಸವರುತ್ತಲೇ ಅಳಿಯನ ಮುಖ ನೋಡಿದಳು. ಮರೆಗೆ ಸರಿಯಲು ಅಲ್ಲಿ ಪೊದೆ ಇರಲಿಲ್ಲ, ಸರಿಯುವ ಮನಸ್ಸೂ ಇರಲಿಲ್ಲ. ಮದುವೆಯ ದಿನ ಗುಂಪಿನಲ್ಲಿ ಕಂಡ ಹುಡುಗ ಇವನಲ್ಲ. ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು, ಕಣ್ಣು ಒಳಕ್ಕೆ ಇಳಿದಿದ್ದವು. ಅವನು ಅಭ್ಯಾಸದಂತೆ ತಲೆ ತಗ್ಗಿಸಿದ.

"ನೋಡಿ ಇಲ್ಲಿ" ಅಂದಳು ಅವಳು. "ನ್ಥೋನಿ ಕೆಟ್ಟದ್ದು ಕೆಟ್ಟುಹೋಯ್ತು, ಇನ್ನು ಬಚ್ಚಿಟ್ಟುಕೊಂಡು ಏನು ಮಾಡೋಣ? ನನಗೆ ಒಂದೇ ಒಂದು ಮಾತು ಹೇಳಿ. ಅವತ್ತು ಅವಳು ನನ್ನನ್ನ ಕೇಳಿದಳಾ?"

ಮುಸೆಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಾವುಟ ತೆಗೆದ. ಅದರ ಬಟ್ಟೆಯನ್ನು ಕೋಲಿಗೆ ಸುತ್ತಿದ, ಬಿಚ್ಚಿದ.

"ಕೇಳಿದಳು" ಅಂದ. "ಅವ್ವನ್ನ ಕರ್ಕೊಂಡು ಬಾ, ಅವ್ವನ್ನ ಕರ್ಕೊಂಡು ಬಾ ಅಂತ ಅದೊಂದೇ ಮಾತು. ಗಾಡಿಗೆ ಅಂತ ಹೋದವನು ಇನ್ನೂ ಬಂದಿರಲಿಲ್ಲ. ಫೋನು ಮಾಡೋಣ ಅಂದ್ರೆ ಗುಡ್ಡ ಹತ್ತಬೇಕು. ದೂರ ನಡೆಯೋಕಾಗದ ಪಕ್ಕದ ಅಜ್ಜೀನ ಅವಳ ಹತ್ರ ಕೂರಿಸಿ ಓಡಿ ಬಂದೆ."

"ಎಲ್ಲಿಗೆ?"

"ನಿಮ್ಮ ಮನೆಗೆ. ಅಂಗಳದ ಕೆಳಗೆ ಮಾವಿನ ಮರ ಇದೆಯಲ್ಲ, ಅಲ್ಲೀವರೆಗೆ ಬಂದೆ. ನೀವು ತೊಗರಿ ಬಿಡಿಸ್ತಾ ಕೂತಿದ್ರಿ. ಅಂಗಳಕ್ಕೆ ಕಾಲಿಡೋದು ಹೇಗೆ? ಕೂಗೋದು ಹೇಗೆ? ದಾರೀಲಿ ಯಾರಾದ್ರೂ ಹೆಂಗಸು ಬಂದರೆ ಹೇಳಿ ಕಳಿಸೋಣ ಅಂತ ನಿಂತೆ. ಯಾರೂ ಬರಲಿಲ್ಲ. ಅವತ್ತು ಸಂತೆ. ನಿಂತೆ, ನಿಂತೆ. ಕತ್ತಲಾಗೋಕೆ ಬಂತು, ಇನ್ನು ತಡೆಯೋಕಾಗದೆ ವಾಪಸ್ ಓಡಿದೆ. ಬಾಗಿಲಲ್ಲೇ ಅಜ್ಜಿ ಅಳ್ತಾ ಇದ್ದಳು."

ಸ್ಯೋಕಾವು ಸೇತುವೆಯ ಉಳಿದ ಕಂಬಿಯನ್ನು ಹಿಡಿದುಕೊಂಡಳು. ಮಗಳು ಕರೆದಿದ್ದಳು ಎಂಬ ಒಂದು ಸಮಾಧಾನ ಬಂದ ಬಾಗಿಲಿನಿಂದಲೇ ಇನ್ನೊಂದು ನೆನಪು ಒಳಗೆ ನುಗ್ಗಿತ್ತು. ಆ ಸಂಜೆಯನ್ನು ಅವಳು ಮರೆತಿರಲಿಲ್ಲ. ಅದಕ್ಕೆ ಅರ್ಥವಿದೆ ಎಂದು ತಿಳಿದಿರಲಿಲ್ಲ ಅಷ್ಟೇ.

"ನಾನು ನಿಮ್ಮನ್ನ ನೋಡಿದೆ ಮಗನೇ" ಅಂದಳು. "ಮರದ ಕೆಳಗೆ ನೀವು ನಿಂತಿದ್ದನ್ನ ನೋಡಿದೆ. ಅಳಿಯಂದಿರು ಸಂತೆಗೋ ಎಲ್ಲಿಗೋ ಹೊರಟಿದ್ದಾರೆ, ನಾನು ಅಂಗಳದಲ್ಲಿ ಕೂತಿದ್ದರೆ ಅವರು ದಾಟೋದು ಹೇಗೆ ಅಂದ್ಕೊಂಡೆ. ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ನೀವು ದಾಟಿ ಹೋಗ್ಲಿ ಅಂತ ಒಳಗೇ ಕಾದೆ."

ಮುಸೆಂಬಿ ಆಗ ತಲೆ ಎತ್ತಿ ಅವಳ ಮುಖವನ್ನು ನೇರವಾಗಿ ನೋಡಿದ.

"ನೀವು ಬಾಗಿಲು ಹಾಕ್ಕೊಂಡಿದ್ದನ್ನ ನಾನೂ ನೋಡಿದೆ ಅವ್ವಾ. ನೋಡಿ, ನನ್ನ ಅತ್ತೆ ಎಷ್ಟು ಮರ್ಯಾದಸ್ಥಳು ಅಂದ್ಕೊಂಡೆ."

ಅವಳು ಅಲ್ಲೇ ಕುಸಿದು ಕೂತಳು. ಮಗಳ ಮಣ್ಣಿನ ದಿನ ಗಂಡಸರ ಕಣ್ಣಿಗೆ ಬೀಳದಂತೆ ಹಿಂದೆ ನಿಂತು ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಿದ್ದವಳು, ಈಗ ಬಾಯಿಬಿಟ್ಟು ಅತ್ತಳು. ಮುಸೆಂಬಿಯೂ ಕೈಯಳತೆಯ ದೂರದಲ್ಲಿ ಕೂತು ಮುಖ ಮುಚ್ಚಿಕೊಂಡ. ನ್ದುಂಗೆ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡುತ್ತ ನಡುವೆ ನಿಂತಿದ್ದಳು. ಕ್ಯಾಲೋನ ಕೂಗಿಗೆ ಎರಡೂ ದಡದಲ್ಲಿ ಜನ ಸೇರಿದ್ದರು. ಅತ್ತೆ ಅಳಿಯ ಎದುರುಬದುರಾಗಿ ಕೂತಿದ್ದಾರೆ, ನೋಡಬಾರದು ಎಂದು ಎಲ್ಲರೂ ಮರ್ಯಾದೆಗೆ ಮುಖ ತಿರುಗಿಸಿ ನಿಂತಿದ್ದರು. ಅವರನ್ನು ಎಬ್ಬಿಸಲು ಯಾವ ದಡದಿಂದಲೂ ಯಾರೂ ಬರಲಿಲ್ಲ.